ಬಿಸಿ ನೀರಿನ ಟಾಕಿ

೬ ಫೆಬ್ರವರಿ ೧೯೬೧, ಸೋಮವಾರ

ಇವತ್ತಿನಿಂದ ನಾನು ಪದ್ಧತಿ ಸುಧಾರಣೆಯ ಕಾರಕೂನ. ಹುದ್ದೆ ಹೊಸದು, ಪಗಾರ ಹಳೇದೇ.

ನಮ್ಮ ಹತ್ತಿ ಮಾರಾಟದ ಸಹಕಾರಿ ಸಂಘಕ್ಕೆ ರೈತರು ಬರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಎಳೆ ಹೋರಿ ಕಟ್ಟಿದ ಚಕ್ಕಡಿ ನಮ್ಮ ಗೇಟಿನೊಳಗೆ ಬಂದರೆ ಹೊರಗೆ ಹೋಗುವಾಗ ಅವು ಮುದಿ ಎತ್ತಾಗಿರುತ್ತವೆ ಎಂದು ಹುಬ್ಬಳ್ಳಿ ಪ್ಯಾಟಿಯವರು ನಗುತ್ತಾರೆ. ಎದುರಿನ ದಲಾಲಿ ಅಂಗಡಿಯವರು ತೂಕದಲ್ಲಿ ಹೊಡೆದರೂ ಲಗೂ ಕೆಲಸ ಮುಗಿಸಿ ಕಳಿಸುತ್ತಾರೆ. ಇದನ್ನು ಸರಿಪಡಿಸಲು ಸರಕಾರ ಬೆಂಗಳೂರಿನಿಂದ ಒಬ್ಬ ಅಧಿಕಾರಿಯನ್ನು ಕಳಿಸಿದೆ. ಅವರಿಗೊಂದು ಹೆಸರಿದೆ. ಆದರೆ ಬಂದ ದಿನವೇ ಎಲ್ಲರೂ ‘ಮೈಸೂರು ಸಾಹೇಬರು’ ಅಂದುಬಿಟ್ಟರು. ಅವರ ವರದಿ ಛಲೋ ಬಂದರೆ ಸಂಘಕ್ಕೆ ಹತ್ತಿಯಿಂದ ಬೀಜ ಬಿಡಿಸುವ ಸ್ವಂತ ಜಿನ್ನಿಂಗ್ ಗಿರಣಿ ಹಾಕಲು ಸರಕಾರದ ಸಾಲ ಸಿಗುತ್ತದೆ. ಹೀಗಾಗಿ ಅವರ ಮಾತಿಗೆ ಯಾರೂ ಇಲ್ಲ ಅನ್ನುವಂತಿಲ್ಲ.

ಚೇರಮನ್ ಸಿದ್ದಲಿಂಗಪ್ಪನವರು ಎಲ್ಲರನ್ನೂ ಕೂಡಿಸಿ ಹೇಳಿದರು: “ಸಾಹೇಬ್ರ, ಏನ್ ಬೇಕಾದ್ರೂ ಬದಲಿ ಮಾಡ್ರಿ. ಆದ್ರ ಯಾರ ಕುರ್ಚಿನೂ ಸರಸಬ್ಯಾಡ್ರಿ.”

ಸಾಹೇಬರಿಗೆ ಒಬ್ಬ ಸಹಾಯಕ ಬೇಕಾಗಿತ್ತು. ಮ್ಯಾನೇಜರ ಮುರುಗೆಪ್ಪನವರು ಸುತ್ತ ನೋಡಿದರು. ಕಾರಕೂನರೆಲ್ಲ ಒಮ್ಮೆಲೇ ಬಗ್ಗಿ ಬರೆಯಲು ಹತ್ತಿದರು. ನಾನೊಬ್ಬನೇ ತಲೆ ಎತ್ತಿದ್ದೆ. “ನಮ್ಮ ಗೋವಿಂದಪ್ಪ ಬಿ.ಕಾಂ. ಆಗ್ಯಾನ್ರಿ, ಇವನ್ನ ತಗೊಳ್ರಿ” ಎಂದರು, ಕಂಠ ಮುರಿದ ತಂಬಿಗೆಯನ್ನು ನೆರೆಮನೆಯವರಿಗೆ ಕೊಟ್ಟಂತೆ. ಇರಲಿ. ಮೂರು ವರ್ಷದಿಂದ ನಾನು ಇಲ್ಲಿ ಹಂಗಾಮಿ. ಈ ಕೆಲಸ ಚೆನ್ನಾಗಿ ಮಾಡಿದರೆ ಕಾಯಂ ಆಗಬಹುದು.

ಸಂಜೆ ಮನೆಯಲ್ಲಿ ಹೆಂಡತಿ ಶೇವಂತಿಗೆ ಹೇಳಿದೆ. ಆಕೆ ಮುನಿಸಿಪಾಲಿಟಿ ಹೆಣ್ಣುಮಕ್ಕಳ ಸಾಲಿಯ ಅಕ್ಕೋರು, ಪ್ರಶ್ನೆ ಕೇಳುವುದು ರೂಢಿ. “ಕಾಯಂ ಮಾಡ್ತೇವಂತ ಯಾರರೆ ಬಾಯಿಲೆ ಅಂದಾರೇನು?” ಅಂದಳು. ಮೊದಲು ಪದ್ಧತಿ, ಆಮೇಲೆ ಅದು ಅಂದೆ.

೯ ಫೆಬ್ರವರಿ

ಸಾಹೇಬರ ರೀತಿ ಹೀಗೆ: ಒಬ್ಬ ರೈತನ ಹಿಂದೆ ನೆರಳಿನಂತೆ ಹೋಗಬೇಕು, ಅವನು ಎಲ್ಲೆಲ್ಲಿ ನಿಲ್ಲುತ್ತಾನೆ, ಯಾಕೆ ನಿಲ್ಲುತ್ತಾನೆ, ನಕ್ಷೆ ಬರೆಯಬೇಕು. ನಾನು ರಾಯಾಪುರದ ಹೊಳೆಯಪ್ಪನ ಬೆನ್ನು ಹತ್ತಿದೆ. ಹತ್ತಿಯ ಪ್ರತ, ಅಂದರೆ ದರ್ಜೆ, ನೋಡುವಲ್ಲಿ, ತೂಕದ ಕಟ್ಟೆಯಲ್ಲಿ, ಚೀಟಿ ಬರೆಯುವಲ್ಲಿ, ಎಲ್ಲ ಕಡೆ. ಅರ್ಧ ದಾರಿಯಲ್ಲಿ ಆತ ತಿರುಗಿ ನಿಂತ.

“ಯಾಕೋ ತಮ್ಮಾ ಬೆನ್ನಿಗೆ ಬಿದ್ದೀ? ನಾ ಏನ್ ಕದ್ದೇನಿ?”

“ಏನಿಲ್ಲರಿ ಯಜಮಾನ್ರ, ನಿಮ್ಮ ಅನುಕೂಲಕ್ಕ.”

“ಅನುಕೂಲ ಮಾಡಾಂವ ಎದುರಿಗೆ ಬರ್ತಾನ, ಹಿಂದ ಬರಾಂವ ಬ್ಯಾರೆ.”

ಆತ ಹೆಚ್ಚು ಹೊತ್ತು ನಿಂತದ್ದು ಮ್ಯಾನೇಜರರ ಮುಂದೆ. ಸಹಿಗೆ ಹೋದವನನ್ನು ಮುರುಗೆಪ್ಪನವರು ಕುರ್ಚಿಯಲ್ಲಿ ಕೂಡಿಸಿಕೊಂಡು ಮಳೆ, ಎತ್ತು, ಮಗಳ ಬಸುರು ಎಲ್ಲ ಕೇಳಿದರು. ಸಾಹೇಬರು ಅಲ್ಲಿ ಕೆಂಪು ಗೆರೆ ಹಾಕಿಸಿದರು.

ಮಧ್ಯಾಹ್ನ ಅವರು ನನ್ನನ್ನು ಕೇಳಿದರು: “ಗೋವಿಂದಪ್ಪನವರೇ, ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲವಲ್ಲ ನೀವು?” (ಕಚೇರಿಯಲ್ಲಿ ನನ್ನ ಹೆಸರಿಗೆ ‘ನವರೇ’ ಹಚ್ಚಿದವರು ಇವರೊಬ್ಬರೇ. ಮೈಸೂರು ಕಡೆಯ ರೂಢಿ ಇರಬೇಕು. ಅಷ್ಟು ಹೇಳಲು ಹೊತ್ತು ಹಿಡಿಯುತ್ತದೆ.) “ಅಭ್ಯಾಸ ಇಲ್ಲರಿ ಸರ್” ಅಂದೆ.

ಖರೇ ಹೇಳಬೇಕೆಂದರೆ ಇದು ನಾನೇ ಮಾಡಿಕೊಂಡ ಶಿಸ್ತು. ಬೇರೆ ಕಾರಕೂನರ ನೀರು ಕುಡಿಯುವ ವಾಟಗಗಳು ಗೋಡೆಯ ಮೊಳೆಗಳಿಗೆ ತೂಗುತ್ತವೆ. ನನಗೆ ಮೊಳೆ ಇಲ್ಲ. ಸರಕಾರ ಹರಿಜನರು ಎಂದು ಕರೆಯುವ ಮಂದಿ ನಾವು. ಬುದ್ಧನ ಮಾರ್ಗ ಹಿಡಿದು ಎರಡು ವರ್ಷವಾಯಿತು, ಕಚೇರಿಯ ರಜಿಸ್ಟರಿನಲ್ಲಿ ಅದಕ್ಕೆ ಕಾಲಮ್ ಇಲ್ಲ. ಸಿಪಾಯಿ ಗುಡ್ಡಪ್ಪ ಮೇಲಿನಿಂದ ನೀರು ಸುರಿಯುತ್ತಾನೆ, ನಾನು ಬೊಗಸೆ ಹಿಡಿಯಬೇಕು. ತೋಳು ತೊಯ್ಯುತ್ತದೆ, ತೊಯ್ದ ತೋಳು ತಾಗಿ ಶಾಯಿ ಹರಡುತ್ತದೆ. ಅದಕ್ಕಿಂತ ಕುಡಿಯದಿರುವುದೇ ಕೆಲಸಕ್ಕೆ ಅನುಕೂಲ. ತಕರಾರು ಏನಿಲ್ಲ, ಬರೀ ತೋಳಿನ ಪ್ರಶ್ನೆ.

೨೦ ಫೆಬ್ರವರಿ

ಹೊಸ ಪದ್ಧತಿ ಆರಂಭ. ಗೇಟಿನಲ್ಲೇ ಸರದಿ ನಂಬರಿನ ಹಿತ್ತಾಳೆ ಬಿಲ್ಲೆ, ಒಂದೇ ಖಿಡಕಿ. ಮ್ಯಾನೇಜರರು ಒಳಗಿನ ಕೋಣೆಯಲ್ಲಿ ಸಹಿ ಮಾಡುತ್ತಾರೆ, ಯಾರೂ ಒಳಗೆ ಹೋಗುವಂತಿಲ್ಲ. ಕೆಲಸ ಸರಸರ ಮುಗಿಯಿತು. ಸಾಹೇಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, “ನೋಡಿದಿರಾ?” ಅಂದರು.

೧ ಮಾರ್ಚ್

ಚಕ್ಕಡಿಗಳು ಇನ್ನೂ ಕಡಿಮೆಯಾಗಿವೆ. ಹೊಳೆಯಪ್ಪ ಬಿಲ್ಲೆಯನ್ನು ಸಾಹೇಬರ ಮೇಜಿನ ಮೇಲೆ ಟಣ್ ಎಂದು ಇಟ್ಟ.

“ನಂಬರ ಕೊಟ್ಟು ಕುಂದ್ರಸ್ತೀರಿ. ನಾವೇನು ದವಾಖಾನ್ಯಾಗ ಅದೇವೇನ್ರಿ? ಮಗಳು ಹಡದಾಳ, ಗಂಡೋ ಹೆಣ್ಣೋ ಅಂತ ಕೇಳಾವ್ರಿಲ್ಲ. ವರ್ಷದ ಹತ್ತಿ ತಂದ ಸುರದೇನಿ, ಒಬ್ಬರರೆ ಮಾತಾಡಸಬ್ಯಾಡೇನು?”

ಸಾಹೇಬರದು ಒಂದು ಗುಣ ದೊಡ್ಡದು, ತಪ್ಪು ಒಪ್ಪಿಕೊಳ್ಳುತ್ತಾರೆ. “ಮನುಷ್ಯರಿಗೆ ಏನು ಬೇಕು ಅಂತ ನೋಡದೆ ಖಿಡಕಿ ಎಲ್ಲಿರಬೇಕು ಅಂತ ನೋಡಿದೆವು” ಅಂದರು. ನಕ್ಷೆಯಲ್ಲಿ ಈಗ ಹೊಸ ಚೌಕ ಬಂದಿದೆ: ‘ಕುಶಲೋಪರಿ – ಮ್ಯಾನೇಜರ. ಪ್ರಶ್ನೆಗಳು: ಮಳೆ, ಎತ್ತು, ಮಕ್ಕಳು.’ ಮುರುಗೆಪ್ಪನವರು ಮೂವತ್ತು ವರ್ಷ ತಾವಾಗಿಯೇ ಮಾಡುತ್ತಿದ್ದುದನ್ನು ಇನ್ನು ಹುಕುಮಿನ ಪ್ರಕಾರ ಮಾಡಬೇಕು. ಅವರಿಗೆ ಸಿಟ್ಟು ಬಂದಿದೆ. ಹೊಳೆಯಪ್ಪನಿಗೆ ಮೊಮ್ಮಗ ಹುಟ್ಟಿದ್ದಾನಂತೆ.

೮ ಮಾರ್ಚ್

ಇವತ್ತು ನವಲಗುಂದದ ಕಡೆಯ ಉಡಚವ್ವನ ಹಿಂದೆ ಹೋದೆ. ನಮ್ಮ ಮಂದಿಯ ಹೆಣ್ಣುಮಗಳು, ಗಂಡನಿಲ್ಲ. ಮೂರೆಕರೆ ಎರಿ ಹೊಲ ತಾನೇ ಮಾಡಿಸುತ್ತಾಳೆ. ಆಕೆಯ ಕೆಲಸ ಇಡೀ ಸಂಘದಲ್ಲೇ ಲಗೂ ಮುಗಿಯಿತು. ಪ್ರತ ನೋಡುವವನು ದೂರದಿಂದಲೇ ಹೇಳಿದ. ಚೀಟಿಯನ್ನು ಕಟ್ಟೆಯ ಮೇಲೆ ಇಟ್ಟರು, ಎತ್ತಿಕೊಂಡಳು. ಮ್ಯಾನೇಜರರು ಬಾಗಿಲಲ್ಲೇ ಸಹಿ ಮಾಡಿ ಕೊಟ್ಟರು, ಮಳೆ ಎತ್ತು ಮಕ್ಕಳು ಒಂದೂ ಇಲ್ಲ.

ನಕ್ಷೆ ನೋಡಿ ಸಾಹೇಬರಿಗೆ ಆಶ್ಚರ್ಯ. “ಈಕೆ ಆದರ್ಶ! ಎಲ್ಲೂ ತಡೆ ಇಲ್ಲ! ಎಲ್ಲರೂ ಹೀಗೆ ಯಾಕಾಗಬಾರದು?” ಇದನ್ನು ವರದಿಗೆ ಸೇರಿಸಲು ಹೇಳಿದರು. ಶುದ್ಧಪ್ರತಿ ಮಾಡಿದೆ. ಅಕ್ಷರ ದುಂಡಗೆ ಬಂದಿವೆ.

೨೨ ಮಾರ್ಚ್

ಬಿಸಿಲು ಏರಿದೆ. ಈಗ ನಕ್ಷೆಯ ಎಲ್ಲ ಗೆರೆಗಳೂ ಒಂದು ಕಡೆ ಬಂದು ಗಂಟಾಗುತ್ತವೆ: ಬೇವಿನ ಗಿಡದ ಕೆಳಗಿನ ನೀರಿನ ಹರಿವಿ. ಗುಡ್ಡಪ್ಪ ಒಬ್ಬ, ಕುಡಿಯುವವರು ಅಂಗಳದ ತುಂಬ. ಸಾಹೇಬರು ಖಿಡಕಿಯಿಂದ ಬಹಳ ಹೊತ್ತು ನೋಡಿದರು.

“ಅಲ್ಲಿ ಆ ಗೋಡೆ ಹತ್ತಿರ ಬಿಸಿಲಲ್ಲಿ ನಿಂತಿದ್ದಾರಲ್ಲ, ಅವರು ಯಾಕೆ ಮುಂದೆ ಬರ್ತಿಲ್ಲ?”

ನಾನು ಪೆನ್ಸಿಲ್ ಚೂಪು ಮಾಡತೊಡಗಿದೆ. ಮುರುಗೆಪ್ಪನವರು ಹೇಳಿದರು: “ಅವ್ರಿಗೆ ಬಾಯಾರಿಕಿ ಕಮ್ಮಿರಿ.”

“ಕಮ್ಮಿ?”

“ಹೂಂ ರೀ. ಮೊದ್ಲಿಂದೂ ಹಂಗ. ಎಲ್ಲಾರದೂ ಆದ ಮ್ಯಾಲ ಕುಡೀತಾರ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ಕಡೆ ನೋಡಿದೆ. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು: ‘ಬಾಯಾರಿಕೆ: ಎರಡು ವರ್ಗ.’ ಇಷ್ಟು ಓದಿದವರು ಇಷ್ಟು ಸಾಧು ಇರಬಾರದು.

ಪೆನ್ಸಿಲ್ ಅರ್ಧ ಸವೆದುಹೋಗಿದೆ. ಸ್ವಂತದ್ದು.

೨೮ ಮಾರ್ಚ್

ಕಮಿಟಿ ಸಭೆ. ಸಾಹೇಬರು ವಿಷಯ ಇಟ್ಟರು. ಒಂದು ದೊಡ್ಡ ಟಾಕಿ, ಅದಕ್ಕೆ ನಳ. ಬೇಕಾದವರು ತಾವೇ ತಿರುವಿ ಕುಡಿಯಬೇಕು. ಸುರಿಯುವವನೇ ಬೇಡ, ತಡವೂ ಇಲ್ಲ.

ಚೇರಮನ್ನರು, “ಎರಡು ಟಾಕಿ ಮಾಡೂಣ್ರಿ” ಅಂದರು.

“ಎರಡು ಯಾಕೆ? ಒಂದು ದೊಡ್ಡದೇ ಸಾಕಲ್ಲ.”

“ಇರಲಿರಿ, ಎರಡು.”

“ಕಾರಣ ಬೇಕು ಸ್ವಾಮಿ, ವರದೀಲಿ ಬರೀಬೇಕು. ಎರಡನೇದು ಯಾತಕ್ಕೆ?”

ಚೇರಮನ್ನರು ಮ್ಯಾನೇಜರರನ್ನು ನೋಡಿದರು. ಮ್ಯಾನೇಜರರು ಫ್ಯಾನು ನೋಡಿದರು. ಫ್ಯಾನು ಹೇಳಿಕೊಟ್ಟಿತೋ ಏನೋ, “ಒಂದು ತಣ್ಣೀರಿಗೆ, ಒಂದು ಬಿಸಿ ನೀರಿಗೆ ರೀ” ಎಂದರು.

“ಬಿಸಿ ನೀರು? ಹುಬ್ಬಳ್ಳಿ ಬೇಸಿಗೇಲಿ?”

“ಕೆಲವು ಮಂದಿಗೆ ರೂಢಿ ಇರ್ತೈತ್ರಿ. ಒಬ್ಬೊಬ್ಬರ ಪ್ರಕೃತಿ.”

ಸಾಹೇಬರು ಅದನ್ನೂ ಬರೆದುಕೊಂಡರು. ಆಮೇಲೆ ಕಟ್ಟಿಗೆ ಎಲ್ಲಿಂದ, ಕಾಯಿಸುವವರು ಯಾರು ಎಂದು ಕೇಳತೊಡಗಿದರು. “ಬರೇ ಹೆಸರಿಗೆ ಬಿಸಿ ಅಂತಿದ್ರ ಸಾಕ್ರಿ” ಎಂದರು ಚೇರಮನ್ನರು. ಸಾಹೇಬರು ಒಪ್ಪಲಿಲ್ಲ. “ಬಿಸಿ ಅಂತ ಬರೆದ ಮೇಲೆ ಬಿಸಿ ಇರಲೇಬೇಕು. ಇಲ್ಲದಿದ್ದರೆ ಅದಕ್ಕೆ ಪದ್ಧತಿ ಅನ್ನೋಲ್ಲ.” ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಎಲ್ಲರೂ ಕೈ ಎತ್ತಿದರು. ಜಿನ್ನಿಂಗ್ ಗಿರಣಿಯ ಸಲುವಾಗಿ ಒಂದು ಗಾಡಿ ಕಟ್ಟಿಗೆ ಮಂಜೂರಾಯಿತು.

೧೦ ಏಪ್ರಿಲ್

ಟಾಕಿ ಬಂದವು. ಬೋರ್ಡು ಬರೆಯುವ ಕೆಲಸ ನನ್ನದು. ‘ಬಿಸಿ ನೀರು’. ‘ತಣ್ಣೀರು’. ನೀಲಿ ಬಣ್ಣ. ಗುಡ್ಡಪ್ಪ ಬೆಳಿಗ್ಗೆಯಿಂದ ಒಲೆ ಊದುತ್ತಾನೆ. ಆಮೇಲೆ ಎರಡೂ ಟಾಕಿಗಳ ನಡುವೆ ನಿಂತು, ಬಂದವರ ಊರು ಕೇರಿ ಕೇಳಿ ಯಾರು ಯಾವ ಕಡೆ ಎಂದು ಕೈ ತೋರಿಸುತ್ತಾನೆ. ಓದಲು ಬಾರದವರಿಗೆ ಸಹಾಯವಂತೆ.

ನಮ್ಮ ಮಂದಿ ಬಿಸಿ ನೀರನ್ನು ಬೊಗಸೆಯಲ್ಲಿ ಆರಿಸಿ ಆರಿಸಿ ಕುಡಿಯುತ್ತಾರೆ. ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನಕ್ಷೆಯಲ್ಲಿ ತೋರಿಸಿದ್ದೇನೆ.

೧೧ ಏಪ್ರಿಲ್

ಶೇವಂತಿ ರೊಟ್ಟಿ ಬಡಿಯುತ್ತ ಕೇಳಿದಳು: “ಬೋರ್ಡಿನ ಮ್ಯಾಲ ಮತ್ತೇನರೆ ಬರದೀರೇನು?”

“ಇಲ್ಲ. ಬಿಸಿ ನೀರು, ತಣ್ಣೀರು, ಅಷ್ಟ.”

“ಹಂಗಾದ್ರ ಅಷ್ಟ ಓದ್ರಿ. ಬರೀದಿದ್ದದ್ದನ್ನ ಯಾಕ ಓದತೀರಿ?”

ನಾನು ಓದುವ ಹುದ್ದೆಯಲ್ಲಿಲ್ಲ, ಬರೆಯುವ ಹುದ್ದೆಯಲ್ಲಿದ್ದೇನೆ ಅಂದೆ. ಆಕೆ ನಗಲಿಲ್ಲ. ಸಾಲಿಯ ಮಕ್ಕಳನ್ನು ನೋಡುವಂತೆ ನೋಡಿದಳು.

೧೯ ಏಪ್ರಿಲ್

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮಟಮಟ ಮಧ್ಯಾಹ್ನ. ಉಡಚವ್ವ ಎರಡನೇ ಸಲದ ಹತ್ತಿ ತಂದಿದ್ದಳು. ಚಕ್ಕಡಿ ಇಳಿಸಿ ಬಂದು ಗುಡ್ಡಪ್ಪ ತೋರಿಸಿದ ನಳಕ್ಕೆ ಬೊಗಸೆ ಒಡ್ಡಿದವಳು ಚೀರಿ ಕೈ ಕಿತ್ತಳು.

“ಏ ಯಪ್ಪಾ, ಸುಡತೈತಲ್ಲೋ! ಕೋಳಿ ತೊಯಸಾಕ ಇಟ್ಟೀರೇನಿದನ್ನ?”

ನಾನು ನಕ್ಷೆ ಹಿಡಿದು ಅಲ್ಲೇ ನಿಂತಿದ್ದೆ. ಆಕೆ ನನ್ನ ಕಡೆ ತಿರುಗಿದಳು. “ಮಾಸ್ತರ, ಆ ಇನ್ನೊಂದರ ಮ್ಯಾಲ ಏನ್ ಬರದೈತ್ರಿ?”

“ತಣ್ಣೀರು” ಅಂದೆ.

“ಯಾರಿಗಂತ ಬರದೈತಿ?”

ಗುಡ್ಡಪ್ಪ ನನ್ನನ್ನೇ ನೋಡುತ್ತಿದ್ದ. ನಾನೂ ಬೆಳಗಿನಿಂದ ನೀರು ಕುಡಿದಿರಲಿಲ್ಲ. “ಯಾರಿಗಂತ ಬರದಿಲ್ಲ ಯವ್ವಾ.”

“ಹಂಗಾದ್ರ ನನಗ” ಅಂದಳು. ಹೋಗಿ ನಳ ತಿರುವಿದಳು. ಕುಡಿದಳು, ಮಾರಿ ತೊಳೆದಳು, ಮತ್ತೆ ಕುಡಿದಳು.

ಗುಡ್ಡಪ್ಪ ಒದರಿದ. ಖಿಡಕಿಯಲ್ಲಿದ್ದವರು, ತೂಕದವರು, ಅಂಗಳದವರು ಎಲ್ಲ ಕೂಡಿದರು. ಮುರುಗೆಪ್ಪನವರು ಉಸಿರು ಬಿಡುತ್ತ ಬಂದರು. ಹಿಂದೆಯೇ ಸಾಹೇಬರು, ಕೈಯಲ್ಲಿ ಫ್ಲಾಸ್ಕಿನ ಮುಚ್ಚಳದ ತುಂಬ ಕಾಫಿ.

“ಏನು ಗಲಾಟೆ?”

“ಈಕಿ ತಣ್ಣೀರಿನ ನಳಕ್ಕ ಕೈ ಹಚ್ಚ್ಯಾಳ್ರಿ!” ಎಂದ ಗುಡ್ಡಪ್ಪ.

“ಬಿಸಿ ನೀರಿನ ರೂಢಿ ಇಲ್ಲವೇನೋ ಪಾಪ. ಅದಕ್ಕೇನು?”

ಮುರುಗೆಪ್ಪನವರ ಬಾಯಿ ತೆರೆಯಿತು. ಅಂಗಳಕ್ಕೆ ಅಂಗಳವೇ ಕಾಯಿತು. ಬಾಯಿ ಮುಚ್ಚಿತು. ಮತ್ತೆ ತೆರೆದು, “ಏನಿಲ್ಲರಿ” ಅಂದಿತು.

ಉಡಚವ್ವ ಸೆರಗಿನಿಂದ ಮಾರಿ ಒರೆಸಿಕೊಂಡು ಚೀಟಿಗೆ ಹೋದಳು. ನಳ ಪೂರ್ತಿ ಬಂದ್ ಆಗಿರಲಿಲ್ಲ. ನೀರು ಪೋಲಾಗಬಾರದೆಂದು ಬಂದ್ ಮಾಡಲು ಹೋದೆ. ಹೋದವನು ಕುಡಿದೆ. ಹೊಸ ತಗಡಿನ ವಾಸನೆ ಇತ್ತು. ತೋಳು ತೊಯ್ಯಿತು.

ಸಂಜೆ ಮ್ಯಾನೇಜರರು ಕರೆದರು. “ನಿನ್ನ ಕಾಯಂ ಕಾಗದ ನನ್ನ ಟೇಬಲ್ ಮ್ಯಾಲ ಐತಿ, ಗೊತ್ತೈತಿಲ್ಲ?” ಗೊತ್ತೈತ್ರಿ ಅಂದೆ. “ಓದಿ ಹೇಳು ಅಂತ ಯಾರ ಹೇಳಿದ್ರು ನಿನಗ?” ಅಂದರು. ಆಕಿ ಕೇಳಿದಳ್ರಿ ಅಂದೆ.

೨೧ ಏಪ್ರಿಲ್

ತುರ್ತು ಸಭೆ. ಒಂದು ಠರಾವು ಬರೆಯಬೇಕಿತ್ತು, ಯಾರು ಯಾವ ನೀರು ಕುಡಿಯಬೇಕೆಂದು. ಬರೆದುಕೊಳ್ಳಲು ನಾನೇ.

‘ಎಲ್ಲರೂ ರೂಢಿಯ ಪ್ರಕಾರ ನೀರು ಬಳಸತಕ್ಕದ್ದು’ ಅಂದರು ಚೇರಮನ್ನರು. ಯಾರ ರೂಢಿ ಎಂದು ಸಾಹೇಬರು ಕೇಳಿದರು. ಹೊಡೆದು ಹಾಕಿದೆ. ‘ಬಿಸಿ ನೀರಿಗೆ ಯೋಗ್ಯರಾದವರು’ ಎಂದು ಮುರುಗೆಪ್ಪನವರು ಶುರು ಮಾಡಿ ಮುಂದೆ ಹೋಗಲಾರದೆ ನಿಂತರು. ನೇರ ಬರೆಯೋಣ ಎಂದರೊಬ್ಬರು. ಸದಸ್ಯರಲ್ಲೊಬ್ಬರು ವಕೀಲರು, ದನಿ ತಗ್ಗಿಸಿ ಹೇಳಿದರು: “ಕಾಯದೆ ಬಂದು ಆರು ವರ್ಷ ಆತು. ಹಂಗ ಬರದ್ರ ಆರು ತಿಂಗಳು ಒಳಗ ಹಾಕತಾರ.” ನಾನು ಪೆನ್ನು ಎತ್ತಿ ಕಾಯುತ್ತಿದ್ದೆ. ಅವರು ಬಾಯಿಗೆ ತಂದುಕೊಂಡು ನುಂಗುತ್ತಿದ್ದ ಶಬ್ದವನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಇವತ್ತು ಅದು ಬರಲಿ, ಬರೆದುಕೊಳ್ಳುತ್ತೇನೆ ಅನಿಸಿತು. ಬರಲಿಲ್ಲ.

ಕೊನೆಗೆ ಸರ್ವಾನುಮತದಿಂದ: ‘ತಣ್ಣೀರಿನ ನಳ ದುರಸ್ತಿ ಸಲುವಾಗಿ ಬಂದ್.’ ನಳ ಕೆಟ್ಟಿರಲಿಲ್ಲ. ಆದ್ದರಿಂದ ಗುಡ್ಡಪ್ಪ ಹೋಗಿ ಅದನ್ನು ತಿರುವುವ ಕಿವಿ ಕಿತ್ತು ತಂದು ಮ್ಯಾನೇಜರರ ಮೇಜಿನ ಖಾನೆಯಲ್ಲಿ ಇಟ್ಟ.

೨೪ ಏಪ್ರಿಲ್

ಈಗ ಸಂಘದಲ್ಲಿ ಎಲ್ಲರಿಗೂ ಬಿಸಿ ನೀರು. ಹೊಳೆಯಪ್ಪ ಉಗುಳಿದ.

೨೯ ಏಪ್ರಿಲ್

ಎದುರಿನ ದಲಾಲಿ ಅಂಗಡಿಯವರು ಚಪ್ಪರ ಹಾಕಿ ಹೊಸ ಹರಿವಿ ಇಟ್ಟಿದ್ದಾರೆ. ಅಲ್ಲಿಯೂ ಎರಡು. ಆದರೆ ಎರಡೂ ತಣ್ಣಗಿವೆ. ಚಕ್ಕಡಿಗಳೆಲ್ಲ ಆ ಕಡೆ ತಿರುಗಿವೆ, ಉಡಚವ್ವನ ಊರಿನವು ಕೂಡ. ನಮ್ಮ ತೂಕದವನು ತಕ್ಕಡಿಯ ಮೇಲೆ ತಾನೇ ಕುಳಿತು ತೂಗಿಕೊಳ್ಳುತ್ತಾನೆ.

ಶೇವಂತಿ ಕಾಯಂ ವಿಷಯ ಕೇಳಿದಳು. ಎರಡು ವಾರದಿಂದ ನೆನಪೇ ಆಗಿರಲಿಲ್ಲ.

೪ ಮೇ

ಚೇರಮನ್ನರು ಮೋಟಾರಿನಿಂದ ಇಳಿದು ಬರಿದಾದ ಅಂಗಳ ನೋಡಿದರು. ನೀರು ಕೇಳಿದರು. ಗುಡ್ಡಪ್ಪ ಇದ್ದದ್ದನ್ನೇ ಕೊಟ್ಟ. ನಾಲಿಗೆ ಸುಟ್ಟಿತು.

“ಮುರುಗೆಪ್ಪ, ನಳದ ಕಿವಿ ಎಲ್ಲಿ?”

“ಆದ್ರ ಅಪ್ಪಾರ...”

“ಆದ್ರಗೀದ್ರ ಏನಿಲ್ಲ. ಹತ್ತಿ ಯಾರ ಕೈಯಾಗಿಂದ ಬಂದೈತಿ ಅಂತ ಗಿರಣ್ಯಾವ್ರು ಕೇಳೂದಿಲ್ಲ, ಎಷ್ಟು ಬಂದೈತಿ ಅಂತ ಕೇಳ್ತಾರ. ಲಗೂ ಹಾಕಸು.”

ಮುರುಗೆಪ್ಪನವರು ಖಾನೆ ತೆರೆದು ಕಿವಿಯನ್ನು ಮೇಜಿನ ಅಂಚಿನಲ್ಲಿ ಇಟ್ಟರು. ನಾನು ಹೋಗಿ ಕೂಡಿಸಿದೆ.

೧೨ ಮೇ

ಮುರುಗೆಪ್ಪನವರು ಮನೆಯಿಂದ ತಂಬಿಗೆ ತರುತ್ತಾರೆ. ಮೊದಮೊದಲು ಆರು ಜನ ತರುತ್ತಿದ್ದರು, ಬಿಸಿಲಿಗೆ ಮನೆಯ ನೀರು ಕಾದು ಹೋಗುವುದರಿಂದ ಈಗ ಇಬ್ಬರು. ಉಳಿದವರು ಆ ಕಡೆ ಈ ಕಡೆ ನೋಡಿ ನಳಕ್ಕೆ ಹೋಗುತ್ತಾರೆ. ಗುಡ್ಡಪ್ಪನನ್ನು ಗೇಟಿಗೆ ಹಾಕಿದ್ದಾರೆ. ಆತ ನನ್ನ ಕಡೆ ನೋಡುವುದಿಲ್ಲ.

ನನ್ನ ಕಾಗದದ ಮೇಲೆ ಮ್ಯಾನೇಜರರು ಷರಾ ಬರೆದಿದ್ದಾರೆ: ಇನ್ನೊಂದು ವರ್ಷ ನಡತೆ ನೋಡಬೇಕು. ನೋಡಲಿ.

೧೮ ಮೇ

ಸಾಹೇಬರು ವಾಪಸು ಹೋದರು. ವರದಿಯ ಶುದ್ಧಪ್ರತಿ ನನ್ನದೇ. ಅದರಲ್ಲಿ ಒಂದು ಸಾಲು: ‘ಬಿಸಿ ನೀರಿನ ಬೇಡಿಕೆಯನ್ನು ಸಂಘದ ಆಡಳಿತ ತಪ್ಪಾಗಿ ಅಂದಾಜು ಮಾಡಿತ್ತು. ಬಳಸುವವರಿಲ್ಲದ ಕಾರಣ ಆ ಟಾಕಿಯನ್ನು ತೆಗೆಯಬಹುದು.’

ಸ್ಟೇಶನ್ನಿಗೆ ಸಾಮಾನು ಹೊರಿಸಿಕೊಂಡು ಹೋದೆ. ಕೇಳಿಯೇಬಿಟ್ಟೆ: “ಸರ್, ಎರಡನೇ ಟಾಕಿ ಯಾಕಂತ ನಿಮಗ ಗೊತ್ತಿತ್ತೇನ್ರಿ?”

ಅವರು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತಿದ್ದರು. “ನನಗೆ ಏನು ಹೇಳಿದರೋ ಅದನ್ನ ಬರೆದುಕೊಂಡೆ, ಗೋವಿಂದಪ್ಪನವರೇ.”

ಮೂರು ತಿಂಗಳಲ್ಲಿ ಅವರು ನಮ್ಮ ಸಂಘದ ನೀರನ್ನು, ಬಿಸಿಯದಾಗಲಿ ತಣ್ಣಗಿನದಾಗಲಿ, ಕುಡಿದದ್ದನ್ನು ನಾನು ಕಂಡಿಲ್ಲ. ಅದನ್ನೂ ಕೇಳಬೇಕಿತ್ತು. ಗಾಡಿ ಬಂತು.

೨ ಜೂನ್

ಸಾಲ ಮಂಜೂರಾಗಿದೆ. ಚೇರಮನ್ನರು ಖುಷಿಯಲ್ಲಿದ್ದರು, ನನ್ನನ್ನು ಕರೆಸಿದರು. ಮುರುಗೆಪ್ಪನವರೂ ಇದ್ದರು. ಇನ್ನು ಗಿರಣಿಯ ಕೆಲಸಕ್ಕೆ ದೊಡ್ಡವರು ಬಂದು ಹೋಗುತ್ತಾರೆ, ರೈತರೂ ಹೆಚ್ಚುತ್ತಾರೆ, ಸಂಘದಲ್ಲಿ ಚಹಾದ ವ್ಯವಸ್ಥೆ ಆಗಬೇಕು, ನೀನೇ ಮಾಡು ಅಂದರು. ಕುರ್ಚಿ ಎಳೆದುಕೊಂಡು ಬರೆದುಕೊಳ್ಳಲು ಕುಳಿತೆ. ಅದರ ಒಂದು ಕಾಲು ಕುಂಟುತ್ತದೆ, ಬಡಿಗನಿಗೆ ಹೇಳಬೇಕು.

“ಪಿಂಗಾಣಿ ಕಪ್ಪು ಆರು, ಗಾಜಿನ ಗ್ಲಾಸು ಆರು ತಗೊಂಡ ಬಾ” ಎಂದರು. “ಮುಂದಿಂದು ನಿನಗ ತಿಳೀತೈತಲ್ಲ.”

“ತಿಳೀಲಿಲ್ರಿ” ಅಂದೆ. “ಯಾರಿಗೆ ಕಪ್ಪು, ಯಾರಿಗೆ ಗ್ಲಾಸು ಅಂತ ಹೇಳ್ರಿ. ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚತೇನಿ.”

ಚೇರಮನ್ನರು ನನ್ನನ್ನು ನೋಡಿದರು. ಮುರುಗೆಪ್ಪನವರು ಅವರನ್ನು ನೋಡಿದರು. ನಾನು ಪೆನ್ನು ತೆರೆದು ಹಿಡಿದಿದ್ದೆ. ನನಗೇನೂ ಅವಸರವಿರಲಿಲ್ಲ.

“ಹೋಗ್ಲಿ ಬಿಡು” ಅಂದರು ಚೇರಮನ್ನರು. “ಎಲ್ಲಾ ಕಪ್ಪ ತಗೊಂಡ ಬಾ.”

ನಾಳೆ ಸಂಜೆ ಶೇವಂತಿಯನ್ನು ಕರೆದುಕೊಂಡು ದುರ್ಗದಬೈಲಿನ ಪ್ಯಾಟಿಗೆ ಹೋಗಬೇಕು. ಹನ್ನೆರಡು ಕಪ್ಪು, ಬಿಳೀವು, ಎಲ್ಲ ಒಂದೇ ನಮೂನೆ. ಹಿಡಿಕೆ ಗಟ್ಟಿ ಇದ್ದವನ್ನು ನೋಡಿ ತರಬೇಕು.